ನಿಮ್ಮ ಪ್ರಶ್ನೆ, ಅಕ್ಕನ ಉತ್ತರ: ಇನ್ವೆಸ್ಟ್‌ಮೆಂಟ್ ಬ್ಯಾಂಕಿನಾಗ ಯಾವ ಕುರ್ಚಿ?

ಪಿಯುಸಿ, ಡಿಗ್ರಿ ರಿಸಲ್ಟ್ ಬಂದ ಮ್ಯಾಲ ಬರೋ ಕಾಗದಗಳು ಪ್ರತಿ ವರ್ಷ ಹೆಚ್ಚಾಗ್ತಾವ, ಆದ್ರ ಈ ಸಲ ಅರ್ಧಕ್ಕರ್ಧ ಕಾಗದದಾಗ ಒಂದೇ ಮಾತು, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್. ನಾ ಕಲಬುರಗಿಯೊಳಗೇ ಆರ್ಟಿಕಲ್‌ಶಿಪ್ (ಒಬ್ಬ ಸಿಎ ಕೈಕೆಳಗಿನ ಟ್ರೇನಿಂಗ್) ಮಾಡಿ ಸಿಎ, ಅಂದ್ರ ಚಾರ್ಟರ್ಡ್ ಅಕೌಂಟೆಂಟ್ ಆದಾಕಿ, ಆಮ್ಯಾಲ ಆರು ವರ್ಷ ಮುಂಬೈದಾಗ ಕಂಪನಿ ಕೊಳ್ಳೋರಿಗೆ ಲೆಕ್ಕ ತನಿಖಿ ಮಾಡಿಕೊಡೋ ಟೀಮ್‌ನಾಗ ಕೆಲಸ ಮಾಡೀನಿ, ಈಗ ಊರಿಗಿ ಬಂದು ಸ್ವಂತ ಆಫೀಸ್ ಹಾಕೀನಿ. ಅದಕ್ಕ ಈ ಕಾಗದಗಳನ್ನ ಬ್ಯಾರೆಯವರಿಗಿ ಕೊಡದ ನಾನೇ ಇಟ್ಕೊಂಡೆ.

ಪ್ರಶ್ನೆ: ಅಕ್ಕಾರಿಗಿ ನಮಸ್ಕಾರ. ನಾ ಆಳಂದದಾಕಿ, ಕಲಬುರಗಿಯೊಳಗ ಬಿ.ಕಾಂ. ಎರಡನೇ ವರ್ಷ ಓದ್ಲಿಕತ್ತೀನಿ. ಹತ್ತನೆತ್ತ ತನಕ ಕನ್ನಡ ಮೀಡಿಯಂ. ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ಆದ್ರ ವರ್ಷಕ್ಕ 30 ಲಕ್ಷ ಪಗಾರ ಅಂತ ವಿಡಿಯೋದಾಗ ನೋಡಿದೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟ್‌ನವರು ಆರು ತಿಂಗಳ ಕೋರ್ಸ್, ಫೀಸ್ 1.40 ಲಕ್ಷ, ಕೆಲಸ ಗ್ಯಾರಂಟಿ ಅಂತ ದಿನಾ ಫೋನ್ ಮಾಡ್ತಾರ. ಅಪ್ಪ ಹೊಲದ ಮ್ಯಾಲ ಸಾಲ ತೆಗಿಲಿಕ್ಕ ತಯಾರಾಗ್ಯಾರ. ಸೇರ್ಲೇನು?

ಉತ್ತರ: ತಂಗಿ, ಸಾಲ ತೆಗಿಬ್ಯಾಡ್ರಿ ಅಂತ ಅಪ್ಪಾಜಿಗಿ ಇವತ್ತೇ ಹೇಳು. ಉಳಿದಿದ್ದು ಆಮ್ಯಾಲ ಮಾತಾಡೋಣ.

ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಅಂದ್ರ ನಾವು ಪಾಸ್‌ಬುಕ್ ಹಿಡ್ಕೊಂಡು ಸಾಲಿನಾಗ ನಿಲ್ಲೋ ಬ್ಯಾಂಕ್ ಅಲ್ಲ. ಗಂಜ್‌ನಾಗ ಅಡತಿಯವರು ಏನು ಮಾಡ್ತಾರ ನೋಡೀದಿ ಹೌದಿಲ್ಲೋ, ರೈತನ ತೊಗರಿಗೂ ಖರೀದಿ ಮಾಡೋರಿಗೂ ನಡುವ ನಿಂತು ಮಾಲಿನ ಗುಣ ನೋಡಿ, ದರ ಕುದುರಿಸಿ, ರೊಕ್ಕ ಕೈಗಿ ಬರೋ ಹಂಗ ಮಾಡಿ ತಮ್ಮ ಕಮಿಷನ್ ತಗೋತಾರ. ಇಲ್ಲಿ ತೊಗರಿ ಬದಲಿ ಮಾರಾಟಕ್ಕ ಇರೋದು ಇಡೀ ಕಂಪನಿ, ಇಲ್ಲಾ ಕಂಪನಿಯ ಶೇರು, ಇಲ್ಲಾ ಬಾಂಡು (ಸಾಲಪತ್ರ). ಶೇರು ಮಾರ್ಕೆಟ್ ಮ್ಯಾಲ ಕಣ್ಣಿಡೋ ಸೆಬಿ ಅನ್ನೋ ಸಂಸ್ಥೆ ಇಂಥವರಿಗಿ ಮರ್ಚೆಂಟ್ ಬ್ಯಾಂಕರ್ ಅಂತದ, ಕಂಪನಿ ಪರವಾಗಿ ಮಂದಿಗಿ ಹೊಸ ಶೇರು ಮಾರಿಸೋ ಕೆಲಸ ಅದರ ಹತ್ರ ರಿಜಿಸ್ಟರ್ ಆಗದ ಮಾಡ್ಲಿಕ್ಕ ಬರೋದಿಲ್ಲ.

ದೂರದ ಉದಾಹರಣೆ ಯಾಕ, ನಮ್ಮ ಚಿತ್ತಾಪುರದ್ದೇ ತಗೋ. ಅಲ್ಲಿ ಓರಿಯೆಂಟ್ ಸಿಮೆಂಟ್ ಫ್ಯಾಕ್ಟರಿ ಅದ ಅಲ್ಲ, 2024ರ ಅಕ್ಟೋಬರ್‌ದಾಗ ಅಂಬುಜಾ ಸಿಮೆಂಟ್ಸ್ ಆ ಕಂಪನಿಯ ಶೇಕಡಾ 46.8 ಪಾಲು ಕೊಳ್ತೀವಿ ಅಂತ ಘೋಷಣಾ ಮಾಡ್ತು, ಒಂದು ಶೇರಿಗೆ 395 ರೂಪಾಯಿ 40 ಪೈಸೆ. ಓರಿಯೆಂಟ್‌ನ ಒಟ್ಟು ಶೇರು ಸುಮಾರು 20.49 ಕೋಟಿ, ಎರಡೂ ಗುಣಿಸು, 8,100 ಕೋಟಿ ಬರ್ತದ, ಪೇಪರ್‌ನಾಗ ಬಂದ ದೊಡ್ಡ ಅಂಕಿ ಇದೇ. ಈಗ ಇನ್ನೊಂದು ಲೆಕ್ಕ ಮಾಡು. ಆ ಕಂಪನಿ ಎಲ್ಲಾ ಫ್ಯಾಕ್ಟರಿ ಸೇರಿ ವರ್ಷಕ್ಕ 85 ಲಕ್ಷ ಟನ್ ಸಿಮೆಂಟ್ ಮಾಡೋ ಸಾಮರ್ಥ್ಯ ಇಟ್ಟಿತ್ತು, ಸಾಲದ ಲೆಕ್ಕ ಬಿಟ್ರ ಟನ್ನಿಗೆ ಸುಮಾರು 9,500 ರೂಪಾಯಿ ಬಿತ್ತು. ಹೊಲ ಕೊಳ್ಳೋ ಮುಂದ ಎಕರೆಗೆ ಎಷ್ಟು ಅಂತ ಕೇಳ್ತೀವಿ, ಪಕ್ಕದ ಹೊಲ ಹೋದ ವರ್ಷ ಎಷ್ಟಕ್ಕ ಹೋಯ್ತು ಅಂತ ಕೇಳ್ತೀವಿ, ಸಿಮೆಂಟ್ ಕಂಪನಿಗೆ ಬೆಲೆ ಕಟ್ಟೋರು ಟನ್ನಿಗೆ ಎಷ್ಟು, ಇದರ ಹಿಂದ ಮಾರಿದ ಕಂಪನಿ ಟನ್ನಿಗೆ ಎಷ್ಟಕ್ಕ ಹೋಯ್ತು ಅಂತ ಕೇಳ್ತಾರ, ಇದಕ್ಕೇ ಅವರು ವ್ಯಾಲ್ಯುಯೇಶನ್ ಅಂತಾರ. ಮುಂದಿಂದು ಇನ್ನೂ ಅದ. ಶೇರು ಮಾರ್ಕೆಟ್‌ನಾಗ ಲಿಸ್ಟ್ ಆದ ಕಂಪನಿಯೊಳಗ ಯಾರರೆ ಶೇಕಡಾ 25 ಇಲ್ಲಾ ಅದಕ್ಕಿಂತ ಹೆಚ್ಚು ಪಾಲು ತಗೊಂಡ್ರ, ಸಣ್ಣ ಶೇರುದಾರರಿಂದ ಇನ್ನೂ ಶೇಕಡಾ 26 ಕೊಳ್ಳಲಿಕ್ಕ ಓಪನ್ ಆಫರ್ ಕೊಡಬೇಕು ಅಂತ ಸೆಬಿಯ 2011ರ ನಿಯಮ ಅದ. ಅದನ್ನ ನಡೆಸ್ಲಿಕ್ಕ ಮರ್ಚೆಂಟ್ ಬ್ಯಾಂಕರ್ ಬೇಕೇಬೇಕು. ಸಿಸಿಐ (ಕಂಪನಿಗಳ ನಡುವಿನ ಪೈಪೋಟಿ ಕೆಡದಂಗ ನೋಡೋ ಆಯೋಗ) ಒಪ್ಪಿಗೆ, ವಕೀಲರ ಕಾಗದ ಎಲ್ಲಾ ಆಗಿ 2025ರ ಏಪ್ರಿಲ್‌ಗಿ ವ್ಯವಹಾರ ಮುಗೀತು. ಫ್ಯಾಕ್ಟರಿ ಅಲ್ಲೇ ಅದ, ಧೂಳು ಅದೇ ಅದ, ಮಾಲಕರು ಬದಲಾದ್ರು, ಆ ನಡುವಿನ ಆರು ತಿಂಗಳ ಕೆಲಸನೇ ನೀ ಕೇಳಿದ ಕೆಲಸ.

ಈಗ ಆ ಕೋರ್ಸ್ ಬಗ್ಗೆ. ಈ ಬ್ಯಾಂಕುಗಳಾಗ ಕುರ್ಚಿ ಮೂರು ಥರ ಇರ್ತಾವ. ಮುಂದಿನ ಕುರ್ಚಿ ಅಂದ್ರ ಡೀಲ್ ಮಾಡೋರು, ಬೆಲೆ ಕಟ್ಟೋರು, ಗಿರಾಕಿ ಮುಂದ ಕೂಡೋರು, ಇದಕ್ಕ ಫ್ರಂಟ್ ಆಫೀಸ್ ಅಂತಾರ. ನಡುವಿನದು ರಿಸ್ಕ್, ಕಂಪ್ಲಯನ್ಸ್ (ನಿಯಮ ಪಾಲನೆ) ನೋಡೋರದು. ಹಿಂದಿಂದು ಆಪರೇಷನ್ಸ್, ಅಲ್ಲಿ ಶೇರು ಕೊಂಡಿದ್ದು-ಮಾರಿದ್ದು ಸರಿಯಾಗಿ ಸೆಟಲ್ ಆಯ್ತೋ ಇಲ್ಲೋ ತಾಳೆ ನೋಡೋದು, ಗಿರಾಕಿಯ ಕೆವೈಸಿ ಮಾಡೋದು, ಫಂಡ್ ಲೆಕ್ಕ ಬರೆಯೋದು. ಬೆಂಗಳೂರು, ಹೈದರಾಬಾದ್‌ದಾಗ ದೊಡ್ಡ ದೊಡ್ಡ ವಿದೇಶಿ ಬ್ಯಾಂಕಿನ ಬೋರ್ಡ್ ನೋಡ್ತೀವಲ್ಲ, ಅಲ್ಲಿ ಬಿ.ಕಾಂ. ಮುಗಿಸಿದ ಹೊಸಬರಿಗಿ ಸಿಗೋದು ಬಹುತೇಕ ಈ ಹಿಂದಿನ ಕುರ್ಚಿ, ಪಗಾರ ವರ್ಷಕ್ಕ ಮೂರರಿಂದ ಐದು ಲಕ್ಷದ ಆಸುಪಾಸು. ಆ ಆರು ತಿಂಗಳ ಕೋರ್ಸ್‌ನವರು ಕಲಿಸೋದೂ ಇದನ್ನೇ, ಆದ್ರ ಫೋನ್‌ನಾಗ ಹೇಳೋ ಪಗಾರ ಮಾತ್ರ ಮುಂದಿನ ಕುರ್ಚಿದು. ನಂಗ ಸಿಟ್ಟು ಬರೋದು ಇಲ್ಲೇ. ಆಪರೇಷನ್ಸ್ ಕೆಲಸ ಕೆಟ್ಟದ್ದು ಅಂತ ನಾ ಹೇಳ್ಲಿಕತ್ತಿಲ್ಲ, ಭಾಳ ಮಂದಿ ಅದರಾಗೇ ಮನಿ ಕಟ್ಟಿಸ್ಯಾರ, ತಮ್ಮಂದಿರನ್ನ ಓದಿಸ್ಯಾರ. ಅಮೆರಿಕದಾಗ 2024ರ ಮೇ ತಿಂಗಳಿಂದ ಶೇರು ವ್ಯವಹಾರ ಒಂದೇ ದಿನದಾಗ ಸೆಟಲ್ ಆಗಬೇಕು ಅಂತ ಆದ ಮ್ಯಾಲ ಈ ಕೆಲಸದಾಗ ತಪ್ಪು ತಿದ್ದಲಿಕ್ಕ ಟೈಮೇ ಸಿಗಲ್ಲ, ಜವಾಬ್ದಾರಿ ಕೆಲಸ ಅದು, ರಾತ್ರಿ ಶಿಫ್ಟೂ ಇರ್ತದ. ಆದ್ರ ಅದನ್ನ ಅದರ ಹೆಸರಿಂದ ಕರೀಬೇಕು. ಹಿಂದಿನ ಕುರ್ಚಿದಾಗ ಕೂತವರು ಮುಂದಿನ ಕುರ್ಚಿಗಿ ಹೋಗೋದು ಭಾಳ ಕಮ್ಮಿ, ನಡುವ ಸಿಎನೋ ಒಳ್ಳೆ ಎಂಬಿಎನೋ ಮಾಡಿದ್ರ ಮಾತ್ರ ಹಾದಿ ತೆರೀತದ.

ಅವರು ನಾಳೆ ಫೋನ್ ಮಾಡಿದಾಗ ನೀ ಮೂರು ಮಾತು ಕೇಳು. ಹೋದ ಬ್ಯಾಚಿನಾಗ ಸೇರಿದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು. ಸಿಕ್ಕ ಕೆಲಸದ ಹೆಸರೇನು, ಆಫರ್ ಲೆಟರ್‌ನಾಗ ಇರೋ ಹಂಗ ಹೇಳ್ರಿ. ಕೆಲಸ ಸಿಗದಿದ್ರ ಫೀಸ್ ವಾಪಸ್ ಅಂತ ಬರದು ಕೊಡ್ತೀರೇನು. ನಮ್ಮ ಗಲ್ಲಿಯ ಒಬ್ಬ ಹುಡುಗ ಹಿಂಗೇ ರೊಕ್ಕ ಕಟ್ಟಿ ಹೋಗಿದ್ದ, ಗ್ಯಾರಂಟಿ ಅಂದ್ರ ಮೂರು ಇಂಟರ್‌ವ್ಯೂ ಕೊಡಿಸೋದು ಅಷ್ಟೇ ಅಂತ ಸಣ್ಣ ಅಕ್ಷರದಾಗ ಬರ್ದಿತ್ತು, ಅವನ ಅವ್ವ ಕಿವಿಯಾಗಿನ ಬೆಂಡೋಲಿ ಇಟ್ಟು ತಂದ ರೊಕ್ಕ ಅದು.

ನಿಂದು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಡಿಗ್ರಿ ಬಾಕಿ ಅದ. ಬಿ.ಕಾಂ.ದಾಗ ಶೇಕಡಾ 55 ದಾಟಿದ್ರ ಸಿಎ ಇಂಟರ್‌ಮೀಡಿಯೆಟ್‌ಗಿ ಫೌಂಡೇಶನ್ ಬರೀದೇ ನೇರ ಸೇರಬಹುದು. ಮೊದಲು ಆ 55ರ ಮ್ಯಾಲ ಕಣ್ಣಿಡು. ಕನ್ನಡ ಮೀಡಿಯಂ ಬಗ್ಗೆ ಕೆಳಗ ಹುಮನಾಬಾದ್‌ದಾಕಿಗಿ ಬರ್ದೀನಿ, ಅದನ್ನೂ ಓದು.

ಪ್ರಶ್ನೆ: ಮೇಡಂ, ನಾನು ಸೇಡಂನವ, ಸೆಕೆಂಡ್ ಪಿಯುಸಿ ಕಾಮರ್ಸ್ ಮುಗದದ, ಶೇಕಡಾ 84 ಬಂದದ. ಅಪ್ಪ ಸಿಮೆಂಟ್ ಫ್ಯಾಕ್ಟರಿಯೊಳಗ ಕಾಂಟ್ರ್ಯಾಕ್ಟ್ ಮ್ಯಾಲ ಲೋಡಿಂಗ್ ಕೆಲಸ ಮಾಡ್ತಾರ. ಡೀಲ್ ಮಾಡೋ ಕೆಲಸಕ್ಕ ಹೋಗಬೇಕಂದ್ರ ಸಿಎ ಮಾಡ್ಬೇಕೋ, ಬಿಬಿಎ ಮಾಡಿ ಎಂಬಿಎ ಮಾಡ್ಬೇಕೋ? ಸಿಎ ಅಂದ್ರ ಬರೀ ಟ್ಯಾಕ್ಸ್ ತುಂಬೋದು, ಬೋರಿಂಗ್ ಅಂತಾರ ಗೆಳ್ಯಾರು.

ಉತ್ತರ: ತಮ್ಮಾ, ನಿಮ್ಮ ಮನಿ ಪರಿಸ್ಥಿತಿ ನೋಡಿದ್ರ ನಾ ಕಣ್ಣು ಮುಚ್ಚಿ ಸಿಎ ಅಂತೀನಿ. ದೊಡ್ಡ ಹೆಸರಿನ ಐಐಎಂಗಳ ಎಂಬಿಎಗಿ ಈಗ ಫೀಸೇ 20 ಲಕ್ಷದ ಮ್ಯಾಲ, ಸಾಲ ಸಿಗ್ತದ ಖರೇ, ಆದ್ರ ಮೊದಲು ಕ್ಯಾಟ್ ಪರೀಕ್ಷೆದಾಗ ಸೀಟು ಸಿಗೋ ಅಷ್ಟು ಬರಬೇಕಲ್ಲ. ಸಾಧಾರಣ ಕಾಲೇಜಿನ ಎಂಬಿಎ ಮ್ಯಾಲ ಡೀಲ್ ಟೀಮ್‌ನವರು ಯಾರೂ ಕರೆಯಲ್ಲ, ಇದು ಕಟು ಮಾತು, ಆದ್ರ ನೀ ಎರಡು ವರ್ಷ ಕಳಕೊಂಡ ಮ್ಯಾಲ ಹೇಳೋದಕ್ಕಿಂತ ಈಗ ಹೇಳೋದು ಛಲೋ. ಸಿಎಗಿ ರಿಜಿಸ್ಟ್ರೇಶನ್, ಪರೀಕ್ಷೆ ಫೀಸ್, ಕಡ್ಡಾಯ ಟ್ರೇನಿಂಗ್ ಎಲ್ಲಾ ಸೇರಿ ಒಂದು ಲಕ್ಷದ ಆಸುಪಾಸು, ಅದೂ ನಾಲ್ಕೈದು ವರ್ಷದಾಗ ಹಂಚಿ ಕಟ್ಟೋದು, ಕೋಚಿಂಗ್ ಹಾಕಿದ್ರ ಅದು ಬ್ಯಾರೆ.

ಹಾದಿ ಹಿಂಗದ. ಈಗ ಫೌಂಡೇಶನ್, ನಾಲ್ಕು ಪೇಪರ್. ಆಮ್ಯಾಲ ಇಂಟರ್‌ಮೀಡಿಯೆಟ್, ಆರು ಪೇಪರ್, ಎರಡು ಗ್ರೂಪ್. ಎರಡೂ ಗ್ರೂಪ್ ಪಾಸಾದ ಮ್ಯಾಲ ಆರ್ಟಿಕಲ್‌ಶಿಪ್, ಅಂದ್ರ ಒಬ್ಬ ಸಿಎ ಕೈಕೆಳಗ ಕೆಲಸ ಕಲಿಯೋದು, ಮೊದಲು ಮೂರು ವರ್ಷ ಇತ್ತು, 2023ರ ಜುಲೈ ಒಂದರಿಂದ ಎರಡು ವರ್ಷ ಮಾಡ್ಯಾರ. ಅದು ಮುಗಿಸಿ ಆರು ತಿಂಗಳಾದ ಮ್ಯಾಲ ಫೈನಲ್, ಮತ್ತ ಆರು ಪೇಪರ್. ಒಂದೊಂದು ಪೇಪರ್‌ನಾಗ ಕನಿಷ್ಠ 40, ಒಟ್ಟು ಶೇಕಡಾ 50 ಬರಬೇಕು. ಒಂದು ಗ್ರೂಪ್‌ನಾಗ ಎಲ್ಲಾ ಪೇಪರ್ 45 ಬಂದು ಫೇಲಾದವರನ್ನ ನಾ ಕಣ್ಣಾರೆ ಕಂಡೀನಿ, ಅದಕ್ಕ ಬರೀ ದಾಟೋ ಲೆಕ್ಕ ಹಾಕಿ ಓದಬ್ಯಾಡ. ಫೌಂಡೇಶನ್, ಇಂಟರ್‌ಮೀಡಿಯೆಟ್ ಪರೀಕ್ಷೆ ಈಗ ವರ್ಷಕ್ಕ ಮೂರು ಸಲ ನಡೀತಾವ, ಅದರಾಗ ಫೇಲಾದ್ರ ಆರು ತಿಂಗಳು ಕಾಯೋದು ತಪ್ಯದ. ಜೊತಿಗಿ ಬಿ.ಕಾಂ. ಮಾಡ್ಕೊ, ಡಿಗ್ರಿ ಕೈಯಾಗಿರ್ಲಿ. ಸಿಎ ಸಂಸ್ಥೆಯ ಬ್ರ್ಯಾಂಚ್ ಕಲಬುರಗಿಯೊಳಗೇ ಅದ, ಸಣ್ಣ ಪುಟ್ಟ ಮಾಹಿತಿಗಿ ಬೆಂಗಳೂರಿಗಿ ಓಡೋದು ಬೇಕಾಗಿಲ್ಲ.

ಬೋರಿಂಗ್ ಅಂದಿದ್ಯಲ್ಲ, ಅದಕ್ಕ ನನ್ನ ಆರ್ಟಿಕಲ್‌ಶಿಪ್‌ನ ಒಂದು ದಿನ ಹೇಳ್ತೀನಿ. ಮಾರ್ಚ್ 31, ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ದಾಲ್ ಮಿಲ್, ನಾವು ಸ್ಟಾಕ್ ಎಣಿಸ್ಲಿಕ್ಕ ಹೋಗಿದ್ವಿ. ಹೊರಗ ಬಿಸಿಲು ಸುಡ್ಲಿಕತ್ತಿತ್ತು, ಗೋದಾಮಿನಾಗ ತೊಗರಿ ಧೂಳು ಮೂಗಿನಾಗ ಹೋಗಿ ಸೀನು ಮ್ಯಾಲ ಸೀನು. ಚೀಲದ ಥಪ್ಪಿ ಉದ್ದಕ್ಕ ಹತ್ತು, ಅಡ್ಡಕ್ಕ ಎಂಟು, ಎತ್ತರಕ್ಕ ಹನ್ನೆರಡು, ಮುನೀಮ ಹತ್ರ ನಿಂತು 960 ಬರ್ಕೊಳ್ರಿ ಮೇಡಂ ಅಂದ. ನಾ ಬರ್ಕೊಂಡೂ ಬಿಟ್ಟಿದ್ದೆ. ನಮ್ಮ ಸರ್ ಮಾತ್ರ ಮ್ಯಾಲ ಹತ್ತು ಅಂದ್ರು. ಹಮಾಲಣ್ಣ ಒಬ್ಬರು ಕೈ ಕೊಟ್ರು, ಹತ್ತಿ ನೋಡಿದ್ರ ಥಪ್ಪಿಯ ನಡುವ ಬಾವಿ ಥರ ಖಾಲಿ, ಸುತ್ತ ಮಾತ್ರ ಚೀಲ. ಇಳಿದು ಒಂದೊಂದೇ ಎಣಿಸಿದಾಗ 820. ಆ 960 ತೋರಿಸಿಯೇ ಬ್ಯಾಂಕಿನಿಂದ ಕ್ಯಾಶ್ ಕ್ರೆಡಿಟ್ ಸಾಲ ತಗೊಂಡಿದ್ರು. ಮುಂಬೈಗಿ ಹೋದ ಮ್ಯಾಲ ನೂರಾರು ಕೋಟಿ ಕಂಪನಿ ಲೆಕ್ಕ ತನಿಖಿ ಮಾಡೋ ಮುಂದ ನಾ ಕೇಳಿದ ಪ್ರಶ್ನೆನೂ ಇದೇ ಇತ್ತು, ಕಾಗದದಾಗ ಇರೋ ಮಾಲು ಗೋದಾಮಿನಾಗ ಅದನೋ ಇಲ್ಲೋ, ಗಿರಾಕಿ ಕೊಡಬೇಕು ಅಂತ ತೋರಿಸಿದ ರೊಕ್ಕ ಖರೇ ಬರೋದನೋ ಹೆಂಗ. ನನ್ನ ಇಂಟರ್‌ವ್ಯೂದಾಗ ನಾ ಈ ತೊಗರಿ ಥಪ್ಪಿ ಕಥಿನೇ ಹೇಳಿದ್ದೆ, ಎದುರಿಗಿ ಕೂತವರು ಪೆನ್ನು ಕೆಳಗಿಟ್ಟು ಕೇಳಿದ್ರು.

ಹಂಗಾಗಿ ಆರ್ಟಿಕಲ್‌ಶಿಪ್ ಆರಿಸೋ ಮುಂದ ಹುಷಾರಿರು. ರಜಾ ಜಾಸ್ತಿ ಕೊಡ್ತಾರ, ಸಹಿ ಹಾಕಿ ಮನಿಗಿ ಕಳಿಸ್ತಾರ ಅನ್ನೋ ಆಫೀಸಿಗಿ ಹೋಗಬ್ಯಾಡ. ಆಡಿಟ್, ಬ್ಯಾಂಕ್ ಸ್ಟಾಕ್ ಆಡಿಟ್, ಪ್ರಾಜೆಕ್ಟ್ ರಿಪೋರ್ಟ್ ಮಾಡೋ ಆಫೀಸ್ ನೋಡು. ಇಂಟರ್‌ನಾಗ ಒಳ್ಳೆ ಅಂಕ ಬಂದ್ರ ಬೆಂಗಳೂರು, ಹೈದರಾಬಾದ್, ಪುಣೆದ ದೊಡ್ಡ ಫರ್ಮ್‌ಗಿ ಅರ್ಜಿ ಹಾಕು, ಅಲ್ಲಿಂದ ಕಂಪನಿ ಕೊಳ್ಳೋರಿಗೆ ಲೆಕ್ಕ ತನಿಖಿ ಮಾಡಿಕೊಡೋ ಟ್ರಾನ್ಸಾಕ್ಷನ್ ಅಡ್ವೈಸರಿ ಅನ್ನೋ ಟೀಮ್‌ಗಿ, ಆ ಟೀಮ್‌ನಿಂದ ಡೀಲ್ ಕುರ್ಚಿಗಿ, ಬಡವರ ಮಕ್ಕಳು ನಡದ ಹಾದಿ ಇದು. ಆರ್ಟಿಕಲ್‌ಶಿಪ್‌ನಾಗ ಸಿಗೋ ಸ್ಟೈಪೆಂಡ್ ಮಾತ್ರ ಸಣ್ಣ ಊರಿನಾಗ ಕೆಲವೇ ಸಾವಿರ, ಅದರ ಮ್ಯಾಲ ಮನಿ ನಡೆಸೋ ಆಸೆ ಇಟ್ಕೊಬ್ಯಾಡ, ಅಪ್ಪಾಜಿ ಜೊತಿ ಈ ಮಾತು ಮೊದಲೇ ಬಿಚ್ಚಿ ಆಡು.

ಇನ್ನೊಂದು, ನಿಮ್ಮೂರಿನ ವಾಸವದತ್ತಾ ಫ್ಯಾಕ್ಟರಿ ಇದ್ದ ಕೇಸೋರಾಂ ಕಂಪನಿಯ ಸಿಮೆಂಟ್ ವ್ಯವಹಾರ 2025ರ ಮಾರ್ಚ್‌ದಾಗ ಅಲ್ಟ್ರಾಟೆಕ್‌ನಾಗ ಸೇರ್ತು. ಅದರಾಗ ರೊಕ್ಕ ಕೈ ಬದಲಾಗಲಿಲ್ಲ, ಕೇಸೋರಾಂನ 52 ಶೇರಿಗೆ ಅಲ್ಟ್ರಾಟೆಕ್‌ನ ಒಂದು ಶೇರು ಅಂತ ಲೆಕ್ಕ ಕಟ್ಟಿದ್ರು. 52 ಯಾಕ, 40 ಯಾಕಲ್ಲ, 60 ಯಾಕಲ್ಲ? ಫೌಂಡೇಶನ್ ಮುಗಿಯೋದ್ರಾಗ ನೀ ಇದಕ್ಕ ಉತ್ತರ ಹುಡುಕಿ ನಂಗ ಬರಿ.

ಪ್ರಶ್ನೆ: ಬೀದರ್‌ದಾಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೇ ವರ್ಷ. ಕೋರ್ ಕೆಲಸ ಸಿಗೋ ಹಂಗ ಕಾಣ್ತಿಲ್ಲ. ಸಿಎಫ್‌ಎ ಮಾಡಿದ್ರ ಹೈದರಾಬಾದ್‌ದಾಗ ಫೈನಾನ್ಸ್ ಕೆಲಸ ಸಿಗ್ತದೇನ್ರಿ?

ಉತ್ತರ: ಸಿಎಫ್‌ಎ, ಅಂದ್ರ ಹೂಡಿಕೆ ವಿಶ್ಲೇಷಣೆ ಕಲಿಸೋ ಅಂತಾರಾಷ್ಟ್ರೀಯ ಕೋರ್ಸ್, ಛಲೋ ಓದು, ಆದ್ರ ಅದು ಹೆಚ್ಚು ಹೊಂದೋದು ರಿಸರ್ಚ್, ಫಂಡ್ ಮ್ಯಾನೇಜ್‌ಮೆಂಟ್ ಕುರ್ಚಿಗಿ, ಡೀಲ್ ಕುರ್ಚಿಗಿ ಅದೊಂದೇ ಸಾಕಾಗಲ್ಲ. ಮೂರು ಲೆವೆಲ್, ಒಂದೊಂದಕ್ಕ ಸುಮಾರು 300 ತಾಸು ಓದು ಬೇಕು ಅಂತ ಆ ಸಂಸ್ಥೆನೇ ಹೇಳ್ತದ, ಫೀಸ್ ಡಾಲರ್‌ದಾಗ, ಒಂದು ಲೆವೆಲ್‌ಗಿ ಸಾವಿರ ಡಾಲರ್‌ಗಿಂತ ಹೆಚ್ಚು. ಆಕ್ಸೆಸ್ ಸ್ಕಾಲರ್‌ಶಿಪ್ ಅಂತ ಕೊಡ್ತಾರ, ಸಿಕ್ರ ಫೀಸ್ ಭಾಳ ಇಳೀತದ, ಅದಕ್ಕ ಅರ್ಜಿ ಹಾಕದ ಪೂರ್ತಿ ಫೀಸ್ ಕಟ್ಟಬ್ಯಾಡ್ರಿ. ಮೊದಲ ಲೆವೆಲ್ ಪಾಸಾಗಿ, ಎಕ್ಸೆಲ್‌ನಾಗ ಕೈ ಪಳಗಿಸಿ ಹೈದರಾಬಾದ್‌ಗಿ ಹೋಗ್ರಿ. ಬೀದರ್‌ನವರಿಗಿ ಹೈದರಾಬಾದ್ ಬೆಂಗಳೂರಿಗಿಂತ ಎಷ್ಟೋ ಹತ್ರ, ಮುಂಜಾನೆ ಬಿಟ್ರ ಇಂಟರ್‌ವ್ಯೂ ಮುಗಿಸಿ ರಾತ್ರಿ ಮನ್ಯಾಗ ಊಟ ಮಾಡಬಹುದು.

ಎಂಜಿನಿಯರ್‌ಗಳಿಗಿ ಡೀಲ್ ಕುರ್ಚಿಯ ದೊಡ್ಡ ಬಾಗಿಲು ಅಂದ್ರ ಕ್ಯಾಟ್. ಡಿಗ್ರಿದಾಗ ಶೇಕಡಾ 50 ಇದ್ರ ಸಾಕು, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗಿ 45. ಫೀಸಿನ ಅಂಜಿಕಿ ಇದ್ರ ದಿಲ್ಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್ ನೋಡ್ರಿ, ಹೆಸರು ದೊಡ್ಡದು, ಫೀಸ್ ಐಐಎಂ ಮುಂದ ಎಷ್ಟೋ ಕಮ್ಮಿ. ಸೀಟು ಕಠಿಣ, ಖರೇ. ಒಬಿಸಿ ಮೀಸಲಾತಿ ಕೇಳೋರು ಒಂದು ಮಾತು ನೆನಪಿಡ್ರಿ, ನಮ್ಮ ರಾಜ್ಯದ 2ಎ, 3ಬಿ ಸರ್ಟಿಫಿಕೇಟ್ ಅಲ್ಲಿ ನಡಿಯಲ್ಲ, ನಿಮ್ಮ ಜಾತಿ ಕೇಂದ್ರದ ಪಟ್ಟಿಯಾಗ ಅದನೋ ನೋಡಿ ಕೇಂದ್ರದ ನಮೂನೆಯಾಗೇ ತಹಸೀಲ್ ಆಫೀಸಿನಿಂದ ಮಾಡಿಸ್ಕೋಬೇಕು. ಇದೊಂದೇ ಕಾಗದ ಇಲ್ಲದ ಸೀಟು ಬಿಟ್ಟವರು ಅದಾರ.

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಶಹಾಪುರದಾಗ ಹತ್ತಿ ವ್ಯಾಪಾರ ಮಾಡ್ತೀನಿ. ಮಗ ಬಿಬಿಎ ಓದ್ತಾ ಮೊಬೈಲ್‌ನಾಗ ಆಪ್ಷನ್ ಟ್ರೇಡಿಂಗ್ ಮಾಡ್ತಾನ. ಕೇಳಿದ್ರ ಇದೇ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್, ಪ್ರಾಕ್ಟೀಸ್ ಮಾಡ್ಲಿಕತ್ತೀನಿ ಅಂತಾನ. ಇಲ್ಲಿ ತನಕ 60 ಸಾವಿರ ಹೋಗ್ಯದ. ಏನು ಮಾಡ್ಲಿ?

ಉತ್ತರ: ಅಣ್ಣಾರೆ, ಆಪ್ಷನ್ ಟ್ರೇಡಿಂಗ್ ಅಂದ್ರ ಶೇರಿನ ದರ ಮುಂದ ಏರ್ತದೋ ಇಳೀತದೋ ಅನ್ನೋ ಅಂದಾಜಿನ ಮ್ಯಾಲ ರೊಕ್ಕ ಹಾಕೋದು, ಅದಕ್ಕೂ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗಿಗೂ ಸಂಬಂಧ ಇಲ್ಲ. ಇನ್ವೆಸ್ಟ್‌ಮೆಂಟ್ ಬ್ಯಾಂಕಿನಾಗ ಕೆಲಸ ಮಾಡೋರಿಗಿ ತಮ್ಮ ಹೆಸರಲೆ ಶೇರು ಕೊಳ್ಳಲಿಕ್ಕ ಸೈತ ಕಂಪನಿ ಪರವಾನಗಿ ಬೇಕಾಗ್ತದ, ಒಳಗಿನ ಸುದ್ದಿ ಗೊತ್ತಿರ್ತದ ಅಂತ. ಸೆಬಿ 2024ರ ಸೆಪ್ಟೆಂಬರ್‌ದಾಗ ಒಂದು ಅಧ್ಯಯನ ಹೊರಗ ಹಾಕ್ತು, ಹಿಂದಿನ ಮೂರು ಹಣಕಾಸು ವರ್ಷದಾಗ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಒಂದು ಕೋಟಿಗಿಂತ ಹೆಚ್ಚು ಸಾಮಾನ್ಯ ಮಂದಿಯೊಳಗ ನೂರಕ್ಕ 93 ಮಂದಿ ರೊಕ್ಕ ಕಳಕೊಂಡಾರ, ಎಲ್ಲಾರ ನಷ್ಟ ಕೂಡಿಸಿದ್ರ 1.8 ಲಕ್ಷ ಕೋಟಿಗಿಂತ ಹೆಚ್ಚು. ಈ ಅಂಕಿ ಮಗನ ಮುಂದ ಇಡ್ರಿ, ಬೈಬ್ಯಾಡ್ರಿ. ಬೈದ್ರ ಬಚ್ಚಿಟ್ಟು ಆಡ್ತಾನ, ಆಮ್ಯಾಲ ಲೋನ್ ಆ್ಯಪ್‌ಗಿ ಕೈ ಹಾಕ್ತಾನ, ನನ್ನ ಆಫೀಸಿಗಿ ಬಂದ ಎರಡು ಮನಿಯೊಳಗ ಹಿಂಗೇ ಆಗಿ ತಾಯಂದಿರು ಅತ್ತಿದ್ದು ನೋಡೀನಿ. ವಾಟ್ಸಾಪ್ ಗ್ರೂಪ್‌ನಾಗ ಟಿಪ್ಸ್ ಕೊಡೋರಿಗಿ ರೊಕ್ಕ ಕಟ್ಟಿದಾನೇನು ಅದನ್ನೂ ಮೆಲ್ಲಕ ಕೇಳ್ರಿ.

ಹುಡುಗಗ ಮಾರ್ಕೆಟ್ ಹುಚ್ಚು ಅದ ಅಂದ್ರ ಅದನ್ನ ಹಾದಿಗಿ ಹಚ್ಚಬಹುದು. ಸೆಬಿ ಕಟ್ಟಿದ ಎನ್‌ಐಎಸ್‌ಎಂ ಅನ್ನೋ ಸಂಸ್ಥೆ ಪರೀಕ್ಷೆ ನಡೆಸ್ತದ, ಮ್ಯೂಚುವಲ್ ಫಂಡ್ ಡಿಸ್ಟ್ರಿಬ್ಯೂಟರ್‌ದು, ರಿಸರ್ಚ್ ಅನಲಿಸ್ಟ್‌ದು, ಮರ್ಚೆಂಟ್ ಬ್ಯಾಂಕಿಂಗ್‌ದೂ ಅದ. ಅವ ಕಳಕೊಂಡ ರೊಕ್ಕದ ಮುಂದ ಆ ಫೀಸ್ ಏನೂ ಅಲ್ಲ, ಪುಸ್ತಕ ಅವರೇ ಕೊಡ್ತಾರ. ಮತ್ತ ದಿನಾ ಸಂಜಿಕಿ ಅವನನ್ನ ನಿಮ್ಮ ಅಂಗಡಿ ಗಾದಿ ಮ್ಯಾಲ ಕೂಡಿಸ್ಕೊಂಡು ಕಿರ್ದಿ-ಖತಾವಣಿ ತೋರಿಸ್ರಿ, ಹತ್ತಿ ಯಾವಾಗ ಕೊಂಡ್ರಿ, ರೊಕ್ಕ ಯಾವಾಗ ಬಂತು, ನಡುವ ಬಡ್ಡಿ ಎಷ್ಟು ಹೋಯ್ತು. ವರ್ಕಿಂಗ್ ಕ್ಯಾಪಿಟಲ್ ಅನ್ನೋ ಪಾಠ ಕಾಲೇಜಿನಾಗ ಬೋರ್ಡ್ ಮ್ಯಾಲ ಕಲಿಯೋದಕ್ಕಿಂತ ಅಲ್ಲಿ ಜಲ್ದಿ ತಲಿಗಿ ಹೋಗ್ತದ.

ಪ್ರಶ್ನೆ: 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸರ್ಟಿಫಿಕೇಟ್ ಈ ಕೆಲಸಗಳಿಗಿ ಉಪಯೋಗ ಆಗ್ತದೇನು? (ಬಿ.ಕಾಂ. ವಿದ್ಯಾರ್ಥಿ, ಜೇವರ್ಗಿ)

ಉತ್ತರ: ಖಾಸಗಿ ಬ್ಯಾಂಕಿಗಿ, ಐಐಎಂಗಿ, ಸಿಎಗಿ ಇಲ್ಲ. ಅದು ರಾಜ್ಯ ಸರ್ಕಾರದ ನೌಕರಿ, ರಾಜ್ಯದ ಕಾಲೇಜು ಸೀಟಿಗಿ. ಆದ್ರ ರಾಜ್ಯದ ಲೆಕ್ಕಪತ್ರ ಇಲಾಖೆ ಕೆಲಸಗಳಿಗಿ ಅರ್ಜಿ ಹಾಕೋ ಮುಂದ ದೊಡ್ಡ ಆಸರ, ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿನಿಂದ ಈಗೇ ಮಾಡಿಸಿ ಇಟ್ಕೊ. ಗ್ರಾಮೀಣ ಬ್ಯಾಂಕಿನ ಪರೀಕ್ಷೆ ಕನ್ನಡದಾಗೂ ಬರೀಬಹುದು, ಅದೂ ಫೈನಾನ್ಸೇ, ಅದನ್ನ ಸಣ್ಣದು ಅಂತ ತಿಳ್ಕೊಬ್ಯಾಡ.

ಪ್ರಶ್ನೆ: ಅಕ್ಕಾ, ನಾನು ಹುಮನಾಬಾದ್‌ದಾಕಿ, ಎಂ.ಕಾಂ. ಓದ್ಲಿಕತ್ತೀನಿ. ಲೆಕ್ಕ ತಲಿಗಿ ಹೋಗ್ತದ, ಇಂಗ್ಲಿಷ್ ಬಾಯಿಗಿ ಬರಲ್ಲ. ಇಂಟರ್‌ವ್ಯೂ ಅಂದ್ರ ಎದಿ ಹೊಡ್ಕೋತದ. ಮನ್ಯಾಗ ಕೂತು ತಯಾರಿ ಹ್ಯಾಂಗ ಮಾಡ್ಲಿ?

ಉತ್ತರ: ನಂಗೂ ಹಂಗೇ ಹೊಡ್ಕೋತಿತ್ತು ಅವ್ವಾ. ಇಂಗ್ಲಿಷ್ ಬೇಕು, ಅದರಾಗ ಸುಳ್ಳು ಹೇಳಲ್ಲ, ಸಿಎ ಪರೀಕ್ಷೆ ಇಂಗ್ಲಿಷ್ ಇಲ್ಲಾ ಹಿಂದಿದಾಗೇ ಬರೀಬೇಕು, ಡೀಲ್ ಟೀಮ್‌ನಾಗ ಮೇಲ್ ಎಲ್ಲಾ ಇಂಗ್ಲಿಷೇ. ಆದ್ರ ಈ ಕೆಲಸದ ಇಂಗ್ಲಿಷ್ ಅಂದ್ರ ಒಂದು 300-400 ಶಬ್ದ ಅಷ್ಟೇ ಕಾಣು, ಅವೇ ತಿರುಗಿ ತಿರುಗಿ ಬರ್ತಾವ. ಅವು ಕಲಿಯೋ ಜಾಗ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಅಲ್ಲ, ಕಂಪನಿಗಳ ವಾರ್ಷಿಕ ವರದಿ. ಪುಕ್ಕಟೆ ಸಿಗ್ತಾವ. ಐಪಿಒಗಿ, ಅಂದ್ರ ಮೊದಲ ಸಲ ಮಂದಿಗಿ ಶೇರು ಮಾರಲಿಕ್ಕ ಬರೋ ಕಂಪನಿಗಳ ಪ್ರಾಸ್ಪೆಕ್ಟಸ್ (ಮಾಹಿತಿ ಪುಸ್ತಕ) ಸೆಬಿ ವೆಬ್‌ಸೈಟ್‌ನಾಗೇ ಇರ್ತಾವ. ಹ್ಯುಂಡೈ ಇಂಡಿಯಾ 2024ರ ಅಕ್ಟೋಬರ್‌ದಾಗ 27,870 ಕೋಟಿಯ ಐಪಿಒ ತಂತಲ್ಲ, ಆ ತನಕ ದೇಶದಾಗ ಅಷ್ಟು ದೊಡ್ಡದು ಬಂದಿರ್ಲಿಲ್ಲ, ಅದರ ಪ್ರಾಸ್ಪೆಕ್ಟಸ್‌ನಾಗ ರಿಸ್ಕ್ ಫ್ಯಾಕ್ಟರ್ಸ್ ಅನ್ನೋ ಭಾಗ ದಿನಕ್ಕ ಎರಡು ಪುಟ ಜೋರಾಗಿ ಓದು, ಬಾಯಿ ತಿರುಗೋ ತನಕ. ಓದಿದ್ದನ್ನ ಕನ್ನಡದಾಗ ಅವ್ವಗ ಹೇಳು. ಅವ್ವಗ ತಿಳಿಯೋ ಹಂಗ ಹೇಳ್ಲಿಕ್ಕ ಬಂತಂದ್ರ ನಿಂಗ ತಿಳದದ ಅಂತ. ಆ ಐಪಿಒದಾಗ ಬಂದ ರೊಕ್ಕ ಒಂದು ಪೈಸಾನೂ ಇಲ್ಲಿನ ಕಂಪನಿಗಿ ಹೋಗಲಿಲ್ಲ, ಶೇರು ಮಾರಿದ ಕೊರಿಯಾದ ಮೂಲ ಕಂಪನಿಗಿ ಹೋಯ್ತು, ಇದಕ್ಕ ಆಫರ್ ಫಾರ್ ಸೇಲ್ ಅಂತಾರ, ಇಂಥಾ ಶಬ್ದ ಹಿಂಗೇ ತಲ್ಯಾಗ ಕೂಡ್ತಾವ.

ಇಂಟರ್‌ವ್ಯೂದಾಗ ಭಾಳ ಸಲ ಕೇಳೋ ಒಂದು ಪ್ರಶ್ನೆ ಹೇಳ್ತೀನಿ, ಡೆಪ್ರಿಸಿಯೇಶನ್ (ಮಶೀನ್ ಸವದದ್ದಕ್ಕ ಬರಿಯೋ ಖರ್ಚು) ಹತ್ತು ರೂಪಾಯಿ ಹೆಚ್ಚಾದ್ರ ಮೂರೂ ಸ್ಟೇಟ್‌ಮೆಂಟ್‌ನಾಗ, ಅಂದ್ರ ಲಾಭ-ನಷ್ಟ, ಕ್ಯಾಶ್ ಫ್ಲೋ, ಬ್ಯಾಲೆನ್ಸ್ ಶೀಟ್‌ನಾಗ ಏನೇನು ಬದಲಾಗ್ತದ? ನಿಮ್ಮ ಓಣ್ಯಾಗಿನ ಹಿಟ್ಟಿನ ಗಿರಣಿ ನೆನಸ್ಕೊ. ಗಿರಣಿ ಮಶೀನ್ ಸವದದ ಅಂತ ಈ ವರ್ಷ ಪುಸ್ತಕದಾಗ ಹತ್ತು ರೂಪಾಯಿ ಹೆಚ್ಚು ಬರದ್ರು, ಟ್ಯಾಕ್ಸ್ ಶೇಕಡಾ 25 ಅಂತ ಹಿಡಿ. ಟ್ಯಾಕ್ಸಿನ ಮುಂಚಿನ ಲಾಭ ಹತ್ತು ಇಳೀತು, ಟ್ಯಾಕ್ಸ್ ಎರಡೂವರೆ ಕಮ್ಮಿ ಆಯ್ತು, ಹಂಗಾಗಿ ನಿವ್ವಳ ಲಾಭ ಇಳಿದಿದ್ದು ಏಳೂವರೆ. ಈಗ ಕ್ಯಾಶ್ ಫ್ಲೋಕ್ಕ ಬಾ. ಲಾಭ ಏಳೂವರೆ ಕಮ್ಮಿ, ಆದ್ರ ಆ ಹತ್ತು ರೂಪಾಯಿ ಯಾರ ಕೈಗೂ ಕೊಟ್ಟಿಲ್ಲ, ಬರೀ ಬರದದ್ದು, ಅದನ್ನ ತಿರುಗಿ ಕೂಡಿಸಿದ್ರ ಗಲ್ಲಾದಾಗ ಎರಡೂವರೆ ಹೆಚ್ಚು ಉಳೀತು, ಅದು ಉಳಿಸಿದ ಟ್ಯಾಕ್ಸ್. ಬ್ಯಾಲೆನ್ಸ್ ಶೀಟ್‌ನಾಗ ಮಶೀನ್ ಹತ್ತು ಇಳೀತು, ನಗದು ಎರಡೂವರೆ ಏರ್ತು, ಒಟ್ಟು ಆಸ್ತಿ ಏಳೂವರೆ ಕಮ್ಮಿ. ಆ ಕಡೆ ಮಾಲಕನ ಬಂಡವಾಳದಾಗಿನ ಲಾಭನೂ ಏಳೂವರೆ ಕಮ್ಮಿ. ತಾಳೆ ಆಯ್ತು. ಇದನ್ನ ಕನ್ನಡದಾಗ ಮೂರು ಸಲ ಹೇಳಿದ ಮ್ಯಾಲ ಇಂಗ್ಲಿಷ್‌ನಾಗ ಹೇಳು, ತೊದಲಿದ್ರೂ ಚಿಂತಿಲ್ಲ, ಲೆಕ್ಕ ಸರಿ ಇದ್ದಾಗ ಎದುರಿನವರು ಕಾಯ್ತಾರ.

ಈಗ ನಿಂಗ ಮನಿಗೆಲಸ. ಅದೇ ಗಿರಣಿಯವ ನೂರು ರೂಪಾಯಿ ಬ್ಯಾಂಕ್ ಸಾಲ ತಗೊಂಡು ನೂರು ರೂಪಾಯಿದೇ ಹೊಸ ಮಶೀನ್ ತಂದ, ವರ್ಷದ ಕೊನಿಗಿ ಬಡ್ಡಿ ಹತ್ತು ಕಟ್ಟಿದ, ಡೆಪ್ರಿಸಿಯೇಶನ್ ಇಪ್ಪತ್ತು ಬರದ, ಟ್ಯಾಕ್ಸ್ ಅದೇ ಶೇಕಡಾ 25. ಮೂರೂ ಸ್ಟೇಟ್‌ಮೆಂಟ್ ಒಂದು ಹಾಳಿ ಮ್ಯಾಲ ಬರದು ಫೋಟೋ ಹೊಡದು ಪತ್ರಿಕೆಯ ವಾಟ್ಸಾಪ್‌ಗಿ ಕಳಿಸು, ಆಳಂದದ ತಂಗಿನೂ ಕಳಿಸ್ಲಿ, ಸೇಡಂನ ತಮ್ಮನೂ ಕಳಿಸ್ಲಿ. ತಿದ್ದಿ, ಎಲ್ಲಿ ತಪ್ಯದ ಅಂತ ಮುಂದಿನ ಸಂಚಿಕೆಯಾಗ ಬರೀತೀನಿ.